ಬಟನ್ ನೋಡಬ್ಯಾಡ, ಮಾರಿ ನೋಡು

ದೇವರು ಎಲ್ಲಾರಿಗೂ ಹತ್ತು ಬೆರಳು ಕೊಟ್ಟಾನ. ನಾವು ಅವನ್ನ ಏನ್ ಮಾಡ್ತೀವಿ ಅಂತ ಒಂದಿನ ಕುಂತು ವಿಚಾರ ಮಾಡಿ ನೋಡ್ರಿ. ಹೆಬ್ಬೆರಳು ಮೊಬೈಲ್ ತಿಕ್ಕಾಕ. ತೋರಬೆರಳು ಇನ್ನೊಬ್ಬಾವನ ತಪ್ಪು ತೋರಸಾಕ. ನಡುವಿನ ಬೆರಳು ಸುಮ್ನ ಎತ್ತರ ಬೆಳದು ನಿಂತೈತಿ, ಕೆಲಸ ಇಲ್ಲ. ಉಂಗುರ ಬೆರಳು ಉಂಗುರ ಹಾಕೋರು ಸಿಗೋತನಕ ಖಾಲಿ. ಕಿರಿಬೆರಳಂತೂ ಸಾಲ್ಯಾಗ ಮಾಸ್ತರ್ಗೆ ಎತ್ತಿ ತೋರಿಸಿ ಹೊರಗ ಓಡಾಕ ಬಿಟ್ರ ಇನ್ಯಾತಕ್ಕೂ ಬಂದಿಲ್ಲ. ನಾನೂ ಹಂಗ ಇದ್ದೆ. ಇಪ್ಪತ್ನಾಕು ವರ್ಷ ಎಂಟು ಬೆರಳು ಸುಮ್ನ ಕುಂದ್ರಿಸಿ ಸಾಕೀನಿ. ಹೋದ ವರ್ಷ ಅವಕ್ಕ ಕೆಲಸ ಹಚ್ಚಿದೆ. ಅವು ನನಗ ಏನ್ ಮಾಡಿದ್ವು ಅನ್ನೋದನ್ನ ಯಾರಿಗರ ಹೇಳಬೇಕಾಗಿತ್ತು, ನೀವು ಸಿಕ್ಕೀರಿ.

ನಾನು ಓದಿದಾಂವ ಅಲ್ಲ. ಇದನ್ನ ಮೊದ್ಲ ಹೇಳಿಬಿಡ್ತೀನಿ. ಮ್ಯಾಟ್ರಿಕ್ ಪರೀಕ್ಷಾಕ್ಕ ಎರಡು ಸಲ ಕುಂತೆ, ಎರಡು ಸಲಾನೂ ಎದ್ದು ಬಂದೆ. ಊರು ಇರಕಲ್ಲಗಡ. ಹೆಸರು ಫಕೀರಪ್ಪ. ಇದು ಕಾಗದದಾಗಿನ ಹೆಸರು. ನಮ್ಮ ಊರಾಗ ಯಾರೂ ಇದನ್ನ ಹಿಂಗ ಕರದಿಲ್ಲ. ಎಲ್ಲಾರಿಗೂ ನಾನು 'ಪಕೀರ'. ಹಡದವ್ವನ 'ಲೇ ಪಕೀರಾ' ಅಂತಾಳ ಅಂದಮ್ಯಾಲ ಉಳದವರಿಗೆ ಏನ್ ಹೇಳೂಣು? ನಮ್ಮ ಕಡೆ ಮಂದಿಗೆ ಅಕ್ಷರದ ಹೊಟ್ಟಿ ಸೀಳಿ ಉಸಿರು ತುಂಬಿ ಹೇಳಾಕ ಪುರಸೊತ್ತಿಲ್ಲ. ನನ್ನ ಹೆಸರು ಸರಿ ಕರಿಯೋರು ಜಗತ್ತಿನ್ಯಾಗ ಒಬ್ರ, ಕೊಪ್ಪಳದ ಗೌಸ್ ಚಾಚಾ. ಅವರು ಮನ್ಯಾಗ ಉರ್ದು ಮಾತಾಡೋ ಮಂದಿ. 'ಫಕೀರ್' ಅಂತ ಅವರು ಕರದ್ರ ನನಗ ಯಾರೋ ದೊಡ್ಡ ಮನಷ್ಯಾನ್ನ ಕರದಂಗ ಆಗಿ ಹಿಂದ ತಿರುಗಿ ನೋಡ್ತಿದ್ದೆ.

ಚಾಚಾಂದು ತಾಲೂಕ ಕಚೇರಿ ಎದುರಿಗೆ ಒಂದು ಸಣ್ಣ ಅಂಗಡಿ. ಒಂದು ಕಂಪ್ಯೂಟರ್, ಒಂದು ಝೆರಾಕ್ಸ್ ಮಷಿನ್, ಎರಡು ಖುರ್ಚಿ, ಮೂಲ್ಯಾಗ ಅರಿವಿ ಹೊದಸಿದ ಹಳೇ ಟೈಪ್‌ರೈಟರ್. ಹಳ್ಳಿ ಮಂದಿ ಕಚೇರಿಗೆ ಬರ್ತಾರ, ಅರ್ಜಿ ಕೊಡಬೇಕು, ಬರಿಯಾಕ ಬರಂಗಿಲ್ಲ. ಅವರು ಬಾಯಿಲೆ ಹೇಳ್ತಾರ, ಚಾಚಾ ಟೈಪ್ ಹೊಡೀತಾರ. ನಾನು ಮೊದ್ಲ ಗಂಗಾವತಿ ರೈಸ್‌ಮಿಲ್ಲಿನ್ಯಾಗ ಚೀಲ ಹೊರತಿದ್ದೆ. ಅಲ್ಲಿ ನಮ್ಮ ಸೋದರಮಾವ ಹಮಾಲರ ಮುಕಾದಮ. ಮೂರು ವರ್ಷ ಹೊತ್ತೆ. ಬೆನ್ನು ಇನ್ನ ಒಲ್ಲೆ ಅಂತು. ಚಾಚಾನ ಅಂಗಡ್ಯಾಗ ಝೆರಾಕ್ಸ್ ತಗ್ಯಾಕ ಒಬ್ಬಾಂವ ಬೇಕಾಗಿದ್ದ, ಬಂದು ನಿಂತೆ. ಝೆರಾಕ್ಸ್ ಮಷಿನ್ ಮುಚ್ಚಳ ಎತ್ತೋದು, ಹಾಕೋದು. ಅಕ್ಕಿ ಚೀಲ ಎತ್ತಿದಾವಗ ಇದು ಹಬ್ಬ.

ಚಾಚಾ ಟೈಪ್ ಹೊಡಿಯೋದು ನೀವು ನೋಡಬೇಕಿತ್ತು. ಕೈ ಬಟನ್ ಮ್ಯಾಲ, ಕಣ್ಣು ಎದುರಿಗೆ ಕುಂತಾವನ ಮಾರಿ ಮ್ಯಾಲ. ಒಂದ್ಸಲಾನೂ ಕೆಳಗ ನೋಡಂಗಿಲ್ಲ. ಕುಂತಾಂವ ಹೇಳಿ ಮುಗಿಸೋದ್ರಾಗ ಕಾಗದ ಹೊರಗ. ನಾನೂ ಪುರಸೊತ್ತಿದ್ದಾಗ ಹೊಡೀತಿದ್ದೆ, ಎರಡು ಬೆರಳಿಲೆ, ಅಕ್ಕಿಯೊಳಗ ಹರಳು ಆರಿಸಿದಂಗ. 'ಮ' ಎಲ್ಲೈತಿ? ಅಲ್ಲೈತಿ. ಈಗ 'ನ' ಎಲ್ಲಿ ಹೋತು? ಒಬ್ಬ ಗೌಡ ನನ್ನ ಮುಂದ ಕುಂತು ಹೇಳಿ ಹೇಳಿ ಸಾಕಾಗಿ, "ತಮ್ಮಾ, ಏನರ ಕಳಕೊಂಡಿಯೇನು ಅದ್ರಾಗ?" ಅಂತ ಕೇಳಿದ್ದ.

ಒಂದಿನ ಕೇಳಿದೆ. "ಚಾಚಾ, ಮಂದಿ ಮಾರಿ ಯಾಕ ಹಂಗ ದಿಟ್ಟಿಸಿ ನೋಡ್ತೀರಿ? ಅವರಿಗೆ ಹೆದರಿಕಿ ಆಗತೈತಿ."

"ಆಗ್ಲಿ. ಬಟನ್ ಸುಳ್ಳು ಹೇಳಂಗಿಲ್ಲ ಫಕೀರ್, ಮನಷ್ಯಾ ಹೇಳ್ತಾನ. ಸುಳ್ಳು ಅರ್ಜ್ಯಾಗ ಹೋತಂದ್ರ ನಾಳೆ ಎನ್ಕ್ವಾಯರಿ ಬರತೈತಿ, ಸುಳ್ಳು ಹೇಳಿದಾಂವ ಸಿಕ್ಕೊಂತಾನ, ಸಿಕ್ಕೊಂಡು ಬಂದು ನನ್ನ ಕೂಡ ಜಗಳ ಮಾಡ್ತಾನ, 'ನೀ ಯಾಕ ಬರದಿ' ಅಂತ. ಅದಕ್ಕ ಬಟನ್ ನೋಡಬ್ಯಾಡ, ಮಾರಿ ನೋಡು. ಸುಳ್ಳು ಬಂದಲ್ಲಿ ಕೈ ನಿಂದ್ರಸು."

ಇದನ್ನ ನಾನು ಅವತ್ತ ಮರತಬಿಟ್ಟಿದ್ದೆ. ಚಾಚಾಗ ಉಮ್ರಾಕ್ಕ ಹೋಗೋ ಯೋಗ ಬಂದಾಗ ನೆನಪಾತು. ಮಕ್ಕಾಕ್ಕ ಹೋಗಬೇಕು ಅಂತ ಅವರು ಭಾಳ ವರ್ಷದಿಂದ ಅಂತಿದ್ರು. ಟಿಕೆಟ್ ಆತು, ಮೂರು ತಿಂಗಳು ಟೈಮ್ ಇತ್ತು. ಅವತ್ತ ಮುಂಜಾನೆ ನನ್ನ ಕುಂದ್ರಿಸಿ ಹೇಳಿದ್ರು. "ನೋಡ್ ಫಕೀರ್, ನನ್ನ ಕೈ ನಡುಗಾಕ ಹತ್ಯಾವ. ಹೋಗಿ ಬಂದ ಮ್ಯಾಲ ನಾನು ಈ ಖುರ್ಚ್ಯಾಗ ಕುಂದ್ರಂಗಿಲ್ಲ. ನನ್ನ ಅಳಿಯಾ ಅಂಗಡಿ ಕೇಳಾಕತ್ತಾನ. ಅವ ಕೇಳೋದು ತಪ್ಪಲ್ಲ. ಆದ್ರ ಮಂದಿ ಅರ್ಜಿಗೆ ಎಲ್ಲಿ ಹೋಗಬೇಕು? ನಾ ಹೋಗೋದ್ರಾಗ ನೀನು ಮಾರಿ ನೋಡಿ ಟೈಪ್ ಹೊಡಿಯಾಕ ಕಲತ್ರ ಖುರ್ಚಿ ನಿಂದು. ಇಲ್ಲಂದ್ರ ಶೆಟರ್ ಅವಂದು."

ಅಳಿಯಾ ಅಂದ್ರ ಚಾಚಾನ ತಂಗಿ ಮಗ ಅಸದ್‌ಭಾಯ್. ಗಂಗಾವತ್ಯಾಗ ತಳ್ಳೋ ಗಾಡಿ ಮ್ಯಾಲ ಮೊಬೈಲ್ ಕವರ್ ಮಾರ್ತಿದ್ದ. ಕೆಟ್ಟ ಮನಷ್ಯಾ ಅಲ್ಲ, ಬರೇ ಬಾಯಿ ಜೋರು. ಅವಗ ಶೆಟರ್ ಹೋತಂದ್ರ ನಾನು ಮತ್ತ ಮಾವನ ಮುಂದ ಹೋಗಿ ಚೀಲಕ್ಕ ಬೆನ್ನು ಕೊಡಬೇಕು. ಮಾವ ಆಗ್ಲೇ ಫೋನ್ ಮಾಡಿದ್ದ. "ಏನೋ ಪಕೀರ, ಬೆನ್ನು ಆರಾಮ ಆತೇನು? ಸೀಜನ್ ಚಾಲೂ ಆತು." ಬೆನ್ನಿನ ಮ್ಯಾಲ ಅವಗ ಅಷ್ಟು ಕಾಳಜಿ.

ಮರುದಿನದಿಂದ ಪಾಠ. ಚಾಚಾ ನನ್ನ ಎಡಗೈ ನಾಕು ಬೆರಳು ತಗೊಂಡು ನಾಕು ಬಟನ್ ಮ್ಯಾಲ ಇಟ್ರು. "ಇದು ಇವುರ ಮನಿ. ಎಲ್ಲಿಗೆ ಹೋದ್ರೂ ತಿರುಗಿ ಇಲ್ಲೇ ಬರಬೇಕು." ಕಿರಿಬೆರಳಿನ ಕೆಳಗ 'ಅ'. ಆಮ್ಯಾಲ 'ಸ'. ಆಮ್ಯಾಲ 'ದ'. ನಾಕನೇದು ಅಕ್ಷರದ ಕಾಲು ಮುರಿಯೋ ಬಟನ್, ಅದನ್ನ ಒತ್ತಿದ್ರ 'ದ' ಇದ್ದದ್ದು 'ದ್' ಆಗತೈತಿ. ಬಲಗೈ ಕಡೆ 'ಜ', 'ಕ', 'ಲ'. ಎಡಗೈ ಒಂದ್ಸಲ, ಬಲಗೈ ಒಂದ್ಸಲ, ದಿನಾ ಐನೂರು ಸಲ ಹೊಡಿ ಅಂದ್ರು. ಕೈ ಕಾಣಬಾರದಂತ ಮ್ಯಾಲೊಂದು ಟವೆಲ್ ಹೊದಸಿದ್ರು, ಕೂಸಿಗೆ ಹೊದಸಿದಂಗ. ನಾನು ಹೊಡಿಯಾಕತ್ತಿದೆ. ನೀವು ನಾಕು ಬೆರಳು ಸಾಲಾಗಿ ಒತ್ತಿ ನೋಡ್ರಿ ಬೇಕಾದ್ರ. ಏನ್ ಬರತೈತಿ? 'ಅಸದ್'. ಕಂಪ್ಯೂಟರ್ ತುಂಬ ಅಸದ್. ಬಲಗೈಲೆ ಹೊಡದ್ರ 'ಜಕಲ', ಅದಕ್ಕ ಅರ್ಥ ಇಲ್ಲ. ಎಡಗೈಲೆ ಹೊಡದ್ರ ಚಾಚಾನ ಅಳಿಯಾ. ಯಾವ ಮನಷ್ಯಾ ನನ್ನ ಖುರ್ಚಿ ಕಸಗೊಳ್ಳಾಕ ಕುಂತಾನೋ ಅವನ ಹೆಸರು ನಾನು ದಿನಾ ಐನೂರು ಸಲ ಜಪ ಮಾಡಬೇಕು.

ಎಂಟು ದಿನ ಆಗಿರಬೇಕು, ಅಸದ್‌ಭಾಯ್ ಗಂಗಾವತಿಯಿಂದ ಬಂದ. ಚಾಚಾ ಮಿರ್ಚಿ ಬಂಡಿ ಕಡೆ ಹೋಗಿದ್ರು. ನಾನು ಟವೆಲ್ ಒಳಗ ಕೈ ಇಟ್ಕೊಂಡು ಕಣ್ಣು ಮುಚ್ಚಿ ಹೊಡಿಯಾಕತ್ತಿದ್ದೆ. ಅಂವ ಕಂಪ್ಯೂಟರ್ ನೋಡಿ ನಿಂತಬಿಟ್ಟ. ಮ್ಯಾಲಿಂದ ಕೆಳಗ ಅಸದ್ ಅಸದ್ ಅಸದ್. ನಡುನಡುವ ಬೆರಳು ಜಾರಿದಲ್ಲಿ 'ಸದ್', 'ಅಸ', 'ಅಸಸದ್'.

"ಏನೋ ಇದು?"

"ನಿಮ್ಮ ಹೆಸರ್ರಿ."

"ಅದು ನನಗೂ ಕಾಣತೈತಿ. ಯಾಕ ಬರದಿ?"

ನಾನು ಇದ್ದದ್ದನ್ನ ಇದ್ದಂಗ ಹೇಳಿದೆ. "ಚಾಚಾ ಹೇಳ್ಯಾರ್ರಿ. ದಿನಾ ಐನೂರು ಸಲ. ಕಣ್ಣು ಮುಚ್ಚಿ, ಟವೆಲ್ ಹೊದ್ಕೊಂಡು."

ಅಸದ್‌ಭಾಯ್ ಮಾರಿ ಸುಣ್ಣ ಆತು. ಕಾಲಾಗ ಚಪ್ಲಿ ಸರಿ ಮಾಡ್ಕೊಳ್ಳಲಾರದ ಮಿರ್ಚಿ ಬಂಡಿಗೆ ಓಡಿದ. "ಮಾಮೂ, ನಾ ಏನ್ ತಪ್ಪು ಮಾಡೀನಿ? ಅಂಗಡಿ ಬ್ಯಾಡಂದ್ರ ಬ್ಯಾಡ ಅನಬೇಕಿತ್ತು, ಇದೇನ್ರಿ ಇದು?" ಅಂದನಂತ. ಚಾಚಾ ಬಾಯಾಗಿನ ಮಿರ್ಚಿ ನುಂಗಾಕ ಆಗದ ಉಗಳಾಕ ಆಗದ ಕೆಮ್ಮಿದ್ರು. ಆಮ್ಯಾಲ ಕರಕೊಂಡು ಬಂದು, ಬೆರಳು ಇಟ್ಟು ತೋರಿಸಿ ತಿಳಿಸಿ ಹೇಳಿದ್ರು. ಅಸದ್‌ಭಾಯ್ ತಲಿ ಅಲ್ಲಾಡಿಸಿದ. ಆದ್ರ ಮುಂದಿನ ವಾರ ಬಂದಾಗ ಅವನ ತೋಳಿಗೆ ಹೊಸಾ ತಾಯಿತ ಇತ್ತು. ನನ್ನ ಕೈಗೆ ಟವೆಲ್, ಅವನ ಕೈಗೆ ತಾಯಿತ.

ಸಾದಾ ಅಕ್ಷರ ತಿಂಗಳದಾಗ ಬಂದ್ವು. ತ್ರಾಸ ಇದ್ದದ್ದು ಶಿಫ್ಟ್ ಬಟನ್‌ದಾಗ. ದೊಡ್ಡ ಉಸಿರಿನ ಅಕ್ಷರ ಎಲ್ಲಾ ಶಿಫ್ಟ್ ಹಿಡದು ಹೊಡೀಬೇಕು. 'ಖ', 'ಘ', 'ಫ', 'ಭ'. ದೀರ್ಘಕ್ಕೂ ಶಿಫ್ಟ್. ಹಿಡಿಯೋದು ಯಾರು? ಕಿರಿಬೆರಳು. ಸಾಲ್ಯಾಗ ಹೊರಗ ಓಡಾಕ ಕಲತ ಬೆರಳು, ಇಲ್ಲಿಯೂ ಕೆಲಸ ಅಂದ್ರ ಓಡತಿತ್ತು. ನನ್ನ ಹೆಸರು ಹೊಡಿಯಾಕ ಎರಡು ಸಲ ಶಿಫ್ಟ್ ಬೇಕು, 'ಫ'ಕ್ಕ ಒಂದು, 'ಕೀ' ದೀರ್ಘಕ್ಕ ಒಂದು. ಬಿಟ್ರ 'ಪಕಿರಪ್ಪ' ಅಂತ ಬರತಿತ್ತು. "ಯಾರು ಇದು, ನಿನ್ನ ತಮ್ಮನೇನು?" ಅಂತಿದ್ರು ಚಾಚಾ. ಅಸದ್‌ಗ ಮಾತ್ರ ಶಿಫ್ಟ್ ಬ್ಯಾಡ. ಕೆಲವರ ನಸೀಬ ಹಂಗ ಇರತೈತಿ, ಹೆಸರಾಗೂ ಬೆವರು ಬರಂಗಿಲ್ಲ.

ಬಸ್ಸಿನ್ಯಾಗ ಇರಕಲ್ಲಗಡದಿಂದ ಕೊಪ್ಪಳಕ್ಕ ಬರುವಾಗ ಸುಮ್ನ ಯಾಕ ಕುಂದ್ರಬೇಕಂತ ತೊಡಿ ಮ್ಯಾಲಿನ ಚೀಲದ ಮ್ಯಾಲ ಬೆರಳು ಆಡಸ್ತಿದ್ದೆ. ಬಾಜೂಕ ಒಬ್ಬ ಹಿರ್ಯಾ ಕುಂತಿದ್ದ, ರುಂಬಾಲು ಸುತ್ತಿದಾಂವ. ಎರಡು ಸ್ಟಾಪ್ ತನಕ ನನ್ನ ಕೈ ನೋಡಿದ. ಆಮ್ಯಾಲ ಸಣ್ಣ ದನಿಲೆ ಕೇಳಿದ.

"ತಮ್ಮಾ, ಎಷ್ಟು ದಿನಾತು ಇದು?"

"ಎರಡು ತಿಂಗಳಾತ್ರಿ."

"ಬರೇ ಕೈಯಾಗೋ, ಕಾಲಿಗೂ ಐತೋ?"

"ಬರೇ ಕೈಯಾಗ್ರಿ. ಕಿರಿಬೆರಳಿಂದ ಭಾಳ ತ್ರಾಸ."

"ಕುಷ್ಟಗಿ ಕಡೆ ಒಬ್ಬ ಎಣ್ಣಿ ಕೊಡ್ತಾನ. ನಮ್ಮ ಭಾವಗ ಹಿಂಗ ಆಗಿತ್ತು, ಛಲೋ ಆತು."

"ಎಣ್ಣಿ ಬ್ಯಾಡ್ರಿ. ನಮ್ಮ ಚಾಚಾ ದಿನಾ ಟವೆಲ್ ಹೊದಸ್ತಾರ. ಕಡಿಮಿ ಆಗಬಾರದ್ರಿ, ಇನ್ನ ಜೋರಾಗಬೇಕು ಅಂತಾರ."

ಹಿರ್ಯಾ ಮುಂದಿನ ಸ್ಟಾಪಿನ್ಯಾಗ ಸೀಟು ಖಾಲಿ ಆದ ಕೂಡ್ಲೇ ಎದ್ದು ಅಲ್ಲಿ ಹೋಗಿ ಕುಂತ. ಇಳಿದು ಎಷ್ಟೊತ್ತಿನ ಮ್ಯಾಲ ನನಗ ತಿಳೀತು, ಅಂವ ರೋಗದ ಮಾತು ಆಡಿದ್ದ, ನಾನು ಟೈಪಿಂಗ್ ಮಾತು ಆಡಿದ್ದೆ.

ಎರಡು ತಿಂಗಳು ದಾಟಿದ ಮ್ಯಾಲ ನನಗ ಸಾಕಾತು. ಟವೆಲ್ ತಗದ್ರ ಬರತಿತ್ತು, ಹೊದಸಿದ್ರ ಹೋಗತಿತ್ತು. ಒಂದು ಮುಂಜಾನೆ ಅವ್ವನ ಮುಂದ ಕುಂತು, "ನಾ ಒಲ್ಲೆ, ಮಿಲ್ಲಿಗೆ ಹೊಕ್ಕೀನಿ" ಅಂದೆ. ಅವ್ವ ರೊಟ್ಟಿ ಬಡಿಯಾಕತ್ತಿದ್ಲು. ಕೈ ರೊಟ್ಟಿ ಮ್ಯಾಲ, ಕಣ್ಣು ನನ್ನ ಮ್ಯಾಲ, ಬಾಯಿ ಬಾಜೂ ಮನಿ ಗಂಗವ್ವನ ಮ್ಯಾಲ. ನಾನು ಅವತ್ತ ಮೊದಲ ಸಲ ಆಕಿ ಕೈ ನೋಡಿದೆ. ರೊಟ್ಟಿ ತನ್ನಷ್ಟಕ್ಕ ತಾನ ತಿರುಗಾಕತ್ತಿತ್ತು.

"ಅವ್ವಾ, ನೋಡಲಾರದ ಹೆಂಗ ಬಡೀತಿ?"

"ನೋಡಾಕ ಅದ್ರಾಗ ಏನೈತಿ? ರೊಟ್ಟಿ ಅದು."

"ಎಲ್ಲಿ ದಪ್ಪ ಆತು, ಎಲ್ಲಿ ತೆಳ್ಳಗ ಆತು ಅಂತ ಹೆಂಗ ಗೊತ್ತಾಗತೈತಿ?"

"ಕೈಗೆ ಗೊತ್ತಾಗತೈತಿ. ನನಗ್ಯಾಕ ಗೊತ್ತಾಗಬೇಕು?"

"ಎಷ್ಟು ದಿನಕ್ಕ ಬಂತು ನಿನಗ?"

ಅವ್ವ ನಕ್ಕಳು. "ಮೊದಲನೇ ವರ್ಷ ನಿಮ್ಮಪ್ಪಗ ಬಡದು ಹಾಕಿದ್ದೆಲ್ಲ ತಲಾಟಿ ಕಡೆ ಇರೋ ಹೊಲದ ನಕಾಶಿ ಇದ್ದಂಗ ಇದ್ವು. ಅಂವ ಮೂಲಿ ಹಿಡಕೊಂಡು ತಿಂತಿದ್ದ. ಸುಮ್ನ ಎದ್ದು ಹೋಗು, ಬಸ್ಸು ತಪ್ಪತೈತಿ."

ಹೋದೆ. ಅದೇ ವಾರ ಆತು ನೋಡ್ರಿ. ಒಬ್ಬಾಂವ ಬಂದು, "ಆಧಾರ್ ಝೆರಾಕ್ಸ್ ಎರಡೂ ಕಡೆ ಬರತೈತೇನು?" ಅಂತ ಕೇಳಿದ. ನಾನು ಮಾರಿ ಎತ್ತಿ, "ಬರತೈತ್ರಿ, ಕುಂದರ್ರಿ" ಅಂದೆ. ಅನ್ನೋದ್ರಾಗ ನೋಡಿದ್ರ ಟವೆಲ್ ಒಳಗ ಕೈ ನಿಂತಿರಲಿಲ್ಲ. ನನಗ ಸಂಬಂಧ ಇಲ್ಲದಂಗ ತಮ್ಮ ಕೆಲಸ ತಾವು ಮಾಡಾಕತ್ತಿದ್ವು. ಕಂಪ್ಯೂಟರ್‌ದಾಗ ನಾಕು ಸಾಲು, ತಪ್ಪಿಲ್ಲ. ಮಿಲ್ಲಿನ್ಯಾಗ ಚೀಲ ಹೊತ್ತು ಹಲಗಿ ಮ್ಯಾಲ ಲಾರಿ ಹತ್ತುವಾಗ ಕಾಲು ನೋಡಿದಾಂವ ಬೀಳ್ತಾನ, ನೋಡಲಾರದಾಂವ ಹತ್ತತಾನ. ಅದು ನನ್ನ ಕಾಲಿಗೆ ಗೊತ್ತಿತ್ತು. ಕೈಗೆ ಹೇಳಿರಲಿಲ್ಲ, ಅಷ್ಟ. ಮುಂದ ಎರಡು ವಾರ ಚಾಚಾನ ಹಳೇ ಅರ್ಜಿ ಎಲ್ಲಾ ಬಾಜೂಕ ಇಟ್ಕೊಂಡು ನೋಡಿ ನೋಡಿ ಹೊಡದೆ. ಒಂದೂ ತಪ್ಪು ಬರವಲ್ದು. ಖುರ್ಚಿ ನಂದು ಅಂತ ನಾನು ಒಳಗೊಳಗ ಉಬ್ಬಿದ್ದೆ.

ಚಾಚಾ ಹೋಗಾಕ ಐದು ದಿನ ಇತ್ತು. ಅಸದ್‌ಭಾಯ್ ಟೇಪ್ ತಗೊಂಡು ಬಂದು ಗ್ವಾಡಿ ಅಳಿಯಾಕತ್ತಿದ್ದ, ಕವರ್ ತೂಗಹಾಕೋ ರ್ಯಾಕ್ ಎಷ್ಟು ಉದ್ದ ಬೇಕಂತ. ಅಷ್ಟೊತ್ತಿಗೆ ಅಳವಂಡಿ ಕಡೆಯಿಂದ ಒಬ್ಬ ಮುದುಕಿ ಬಂದ್ಲು, ಹನಮವ್ವ ಅಂತ. ಪಂಚಾಯ್ತಿ ಸಾಹೇಬ್ರಿಗೆ ಅರ್ಜಿ ಕೊಡಬೇಕಾಗಿತ್ತು. ಚಾಚಾ ಖುರ್ಚಿಯಿಂದ ಎದ್ರು. "ಕುಂದರ್ ಫಕೀರ್. ಇದು ನಿನ್ನ ಪರೀಕ್ಷಾ. ಟವೆಲ್ ಬ್ಯಾಡ."

ನಾನು ಕುಂತೆ. ಹನಮವ್ವ ಕುಂತ್ಲು. ಹೇಳಾಕತ್ತಿದ್ಲು.

"ಬರಿ ತಮ್ಮಾ. ನಮ್ಮ ಮೈದುನ ದ್ಯಾವಪ್ಪ ನನ್ನ ಮನಿ ಬಾಗಲಾಗ ಎಮ್ಮಿ ಕಟ್ಯಾನ. ಅವಗ ಹಿತ್ತಲ ಐತಿ. ಹಿತ್ತಲಾಗ ಕಟ್ಟವಲ್ಲ. ನಾ ಹೊರಗ ಬರಬೇಕಂದ್ರ ಎಮ್ಮಿಗೆ 'ಸರಿ ನಮ್ಮವ್ವಾ' ಅನಬೇಕು. ಅದಕ್ಕ ಮನಸಿಗೆ ಬಂದ್ರ ಸರೀತೈತಿ, ಇಲ್ಲಂದ್ರ ನನ್ನ ಮಾರಿ ನೋಡ್ಕೊಂತ ಮೆಲಕ ಹಾಕತೈತಿ. ಮೊನ್ನೆ ನಾ ಸುಮ್ನ ಹೊಂಟಿದ್ದೆ, ಏನೂ ಮಾಡಿಲ್ಲ ನಾ, ಅದು ಒದ್ದಬಿಡ್ತು. ನೋಡು, ಮೊಣಕಾಲು ಬಾತೈತಿ. ಆ ಎಮ್ಮಿ ಇರಬೇಕು, ಇಲ್ಲಾ ನಾ ಇರಬೇಕು."

ನಾನು ಆಕಿ ಮಾರಿ ಬಿಟ್ಟು ಒಂದ್ಸಲಾನೂ ಕೆಳಗ ನೋಡಲಿಲ್ಲ. ಬೆರಳು ಹಂಗ ಓಡಿದ್ವು, ಮಳೆಗಾಲದಾಗ ನೀರು ಇಳದಂಗ. ಆಕಿ ಬಾಯಿ ಮುಚ್ಚೋದಕ್ಕೂ ನಾ ಬಟನ್ ಬಿಡೋದಕ್ಕೂ ಒಂದ ಆತು. ಪ್ರಿಂಟ್ ಕೊಟ್ಟೆ. ಚಾಚಾನ ಕೈಯಾಗ ಇಟ್ಟೆ. ಎದಿ ಉಬ್ಬಿಸಿ ನಿಂತೆ.

ಚಾಚಾ ಓದಿದ್ರು. ಅಸದ್‌ಭಾಯ್ ಇಣುಕಿ ನೋಡಿದ. ನೋಡಿದಾಂವ ಕಾಗದ ಕಸಗೊಂಡು ಜೋರಾಗಿ ಓದಿದ. "'ಹಿತ್ತಲಾಗ ಕಟ್ಟವಲ್ಲ. ಅದಕ್ಕ ಮನಸಿಗೆ ಬಂದ್ರ ಸರೀತೈತಿ.' ಮಾಮೂ, ಇದು ಅರ್ಜಿ ಅಲ್ರಿ, ಓಣಿ ಜಗಳ! ಸಾಹೇಬ್ರು ಓದಿದ್ರ ನೀರು ಕೇಳ್ತಾರ!"

ನಾನು ಕಾಗದ ತಗೊಂಡು ನೋಡಿದೆ. ಬೆರಳು ಒಂದೂ ಜಾರಿರಲಿಲ್ಲ. ಹಂಗಂತ ಒಂದು ಮಾತೂ ಅರ್ಜಿ ಮಾತು ಆಗಿರಲಿಲ್ಲ. 'ಮನೆ' ಅಂತ ಇರಬೇಕಾದಲ್ಲಿ 'ಮನಿ'. 'ಎಮ್ಮೆ' ಇರಬೇಕಾದಲ್ಲಿ 'ಎಮ್ಮಿ'. 'ಇದೆ' ಅನ್ನೋದು ಎಲ್ಲೂ ಇಲ್ಲ, ಎಲ್ಲಾ ಕಡೆ 'ಐತಿ'. ಆಗ ತಿಳೀತು. ಹಳೇ ಅರ್ಜಿ ನೋಡಿ ಹೊಡಿಯುವಾಗ ಬೆರಳು ಕಣ್ಣಿನ ಮಾತು ಕೇಳತಿದ್ವು. ಈಗ ಕಣ್ಣು ಮಾರಿ ಮ್ಯಾಲ, ಬೆರಳು ಕಿವಿ ಮಾತು ಕೇಳಿದ್ವು. ಕಿವಿ ಇರಕಲ್ಲಗಡದ್ದು, ಅದಕ್ಕ 'ಇದೆ' ಗೊತ್ತಿಲ್ಲ. ಇನ್ನೊಂದು ಮಜಾ ಹೇಳ್ತೀನಿ. 'ಐ' ಹೊಡಿಯಾಕೂ ಶಿಫ್ಟ್ ಬೇಕು. ನನ್ನ ಹೆಸರಿನ 'ಫ'ಕ್ಕ ಏಳಲಾರದ ಕಿರಿಬೆರಳು, 'ಐತಿ' ಅಂದ್ರ ತಾನ ಎದ್ದು ಓಡಿತ್ತು. ತವರುಮನಿ ಕೆಲಸಕ್ಕ ಓಡಿದಂಗ.

"ಇನ್ನೊಂದ್ಸಲ ಹೊಡಿ" ಅಂದ್ರು ಚಾಚಾ. "ಅರ್ಜಿ ಹೊಡಿ."

ನಾನು ಹಳೇ ಅರ್ಜಿ ಮಾತು ಎಲ್ಲಾ ನೆನಪು ಮಾಡ್ಕೊಂಡೆ. 'ಸದರಿ' ಅನ್ನೋದು ಭಾಳ ಸಲ ಬರತಿತ್ತು ಅಂತ ನೆನಪಿತ್ತು, ಅದನ್ನ ಧಾರಾಳ ಹಾಕಿದೆ. ಅರ್ಧಮರ್ಧ ನೆನಪಾಗೋ ಮಾತು, ಒಂದೊಂದಕ್ಕ ಮ್ಯಾಲ ನೋಡಬೇಕು, ಕೆಳಗ ನೋಡಬೇಕು, ಮತ್ತ ಎರಡು ಬೆರಳಿಗೆ ಬಂದೆ. ಹನಮವ್ವಗ ಓದಿ ಹೇಳಿದೆ. "'ಸದರಿ ದ್ಯಾವಪ್ಪನು ಸದರಿ ಎಮ್ಮೆಯನ್ನು ಸದರಿ ಮನೆಯ ಮುಂದೆ ಕಟ್ಟಿರುತ್ತಾನೆ. ಸದರಿ ಎಮ್ಮೆಯಿಂದ ನಾನು ಗಾಯಗೊಂಡಿರುತ್ತೇನೆ.'"

ಹನಮವ್ವ ಕೇಳಿದ್ಲು. "ಯಾರು ಈ ಸದರಿ?"

"ಎಮ್ಮೀರಿ."

"ಎಮ್ಮಿ ಹೆಸರು ಸದರಿ ಅಲ್ಲೋ, ಲಕ್ಷ್ಮಿ."

"ಹೆಸರಲ್ರಿ ಯಮ್ಮಾ, ಅರ್ಜ್ಯಾಗ ಹಂಗ ಅಂತಾರ. ದ್ಯಾವಪ್ಪನೂ ಸದರಿ, ಮನೀನೂ ಸದರಿ."

"ಹಂಗಾರ ಸಾಹೇಬ್ರು ಯಾರ್ನ ಬಿಚ್ಚಿ ಕಟ್ಟಬೇಕು?" ಅಂದವಳ, ನಾ ಹೊಡದ ಮೊದಲಿನ ಕಾಗದ ತಗೊಂಡು ಎದಿಗೆ ಹಚ್ಕೊಂಡ್ಲು. "ಇದು ನಂದು. ಅದು ಯಾರ್ದೋ."

ಅಸದ್‌ಭಾಯ್ ಟೇಪ್ ಎತ್ಕೊಂಡು ಮತ್ತ ಗ್ವಾಡಿ ಅಳಿಯಾಕ ನಿಂತ. ನನ್ನ ಬೆನ್ನಾಗ ಚೀಲದ ಭಾರ ಆಗ್ಲೇ ಬಂದು ಕುಂತಿತ್ತು. ಖುರ್ಚಿಯಿಂದ ಅರ್ಧ ಎದ್ದಿದ್ದೆ. ಚಾಚಾ ಕೇಳಿದ್ರು.

"ಫಕೀರ್, ಮೊದಲಿನದು ಹೊಡಿಯುವಾಗ ಎಲ್ಲಿ ನೋಡ್ತಿದ್ದಿ?"

"ಯಮ್ಮನ ಮಾರಿ ನೋಡ್ತಿದ್ದೆ."

"ಪೂರಾ?"

"ಪೂರಾ."

"ಹಂಗಾರ ಹೇಳು. ಈಕಿ ಎಲ್ಲಿ ಸುಳ್ಳು ಹೇಳಿದ್ಲು?"

ನನಗ ಸುತ್ತಿ ಬಳಸಿ ಮಾತಾಡಾಕ ಬರಂಗಿಲ್ಲ. ಖುರ್ಚಿ ಹೋಗೇ ಹೋಗತೈತಿ, ಹೇಳಿಬಿಟ್ಟೆ. "ಎಮ್ಮಿ ಸುಮ್ನ ಒದ್ದಿಲ್ರಿ. 'ಏನೂ ಮಾಡಿಲ್ಲ ನಾ' ಅನ್ನುವಾಗ ಯಮ್ಮನ ಸೆರಗು ಬಾಯಿಗೆ ಬಂತು, ಕಣ್ಣು ಬಾಗಲ ಕಡೆ ಹೋತು. ಈಕಿನ ಮೊದ್ಲ ಹೊಡದಾಳ."

ಹನಮವ್ವ ನನ್ನ ನೋಡಿದ ನೋಟಕ್ಕ ಎಮ್ಮಿ ಆಗಿದ್ರ ನಾನೂ ಒದೀತಿದ್ದೆ. ಆಮ್ಯಾಲ ಸೆರಗಿನ್ಯಾಗ ಮಾರಿ ಮುಚ್ಕೊಂಡು ನಗಾಕ ಹತ್ತಿದ್ಲು. "ಹೌದಪಾ, ಕಸಬರಗಿಲೆ ಒಂದು ಕೊಟ್ಟಿದ್ದೆ. ಎಮ್ಮಿ ಬಂದು ಹೇಳಿತೇನು ನಿನಗ?"

"ಬರೇ ಒಂದೇನ್ರಿ?" ಅಂದೆ ನಾನು, ಮಾರಿ ನೋಡ್ಕೊಂತ.

"ಎರಡು. ಸಾಕೇನು? ಇನ್ನ ನೋಡಬ್ಯಾಡ ನನ್ನ!"

ಚಾಚಾ ಕನ್ನಡಕ ತಗದು ಕಣ್ಣು ಒರಸಿಕೊಂಡ್ರು, ನಕ್ಕು ನಕ್ಕು. "'ಸದರಿ' ಅನ್ನೋದು ನೀನು ವಾರದಾಗ ಕಲೀತಿ. ಮಾರಿ ನೋಡೋದು ಕಲಸಾಕ ನನ್ನ ಕಡೆ ಟೈಮ್ ಇಲ್ಲ, ವಿಮಾನ ಐತಿ. ಕುಂದರ್." ಅಸದ್‌ಭಾಯ್ ಕಡೆ ತಿರುಗಿ ಅಂದ್ರು. "ಬೇಟಾ, ಒಳಗ ಅಳೀಬ್ಯಾಡ. ಮುಂದ ಕಟ್ಟಿ ಖಾಲಿ ಐತಿ, ಅಲ್ಲಿ ಗಾಜಿನ ಪೆಟಗಿ ಇಟ್ಕೊ. ಅರ್ಜಿಗೆ ಬಂದ ಮಂದಿ ಕಾಯ್ಕೊಂತ ನಿನ್ನ ಕವರ್ ನೋಡ್ತಾರ." ಅಸದ್‌ಭಾಯ್ ಒಂದು ಗಳಿಗಿ ಮಾರಿ ಸಣ್ಣ ಮಾಡಿದ, ಆಮ್ಯಾಲ ಹೊರಗ ಹೋಗಿ ಕಟ್ಟಿ ಅಳದ. ಗ್ವಾಡಿಗಿಂತ ಕಟ್ಟಿ ಉದ್ದ ಇತ್ತು.

ಹನಮವ್ವನ ಅರ್ಜಿ ಮೂರನೇ ಸಲ ಚಾಚಾ ಹೇಳ್ಕೊಟ್ರು, ನಾ ಹೊಡದೆ. ಒದ್ದ ಮಾತು ತಗದ್ವಿ. 'ಸದರಿ' ಒಂದ ಬಿಟ್ವಿ, ಅದೂ ದ್ಯಾವಪ್ಪಗ. 'ಮನಸಿಗೆ ಬಂದ್ರ ಸರೀತೈತಿ' ಅನ್ನೋದನ್ನ ತಗೀತೀನಿ ಅಂದ್ರ ಮುದುಕಿ ಹೆಬ್ಬೆಟ್ಟು ಒತ್ತಾಕ ಕೈ ಕೊಡಲಿಲ್ಲ, ಅದು ಹಂಗ ಹೋತು. ಎಮ್ಮಿ ಈಗ ಹಿತ್ತಲಾಗ ಐತಂತ. ಮೊನ್ನೆ ಮುದುಕಿ ಬಂದಿದ್ಲು. "ಬಾಗಲಾಗ ಬೈಯಾಕ ಯಾರೂ ಇಲ್ದಂಗ ಆಗೈತಿ" ಅಂದ್ಲು.

ಚಾಚಾ ಉಮ್ರಾಕ್ಕ ಹೋದ್ರು. ನಾನು ಖುರ್ಚ್ಯಾಗ ಕುಂತೆ. 'ಇದೆ ಇದೆ', 'ಮನೆ ಮನೆ' ಅಂತ ಬೆರಳಿಗೆ ಎರಡನೇ ಸಾಲಿ ಚಾಲೂ ಮಾಡಿದೆ. ಅರ್ಜ್ಯಾಗ ಬರತೈತಿ. ನಂದು ಅಂತ ಏನರ ಹೊಡಿಯಾಕ ಕುಂತ್ರ ಬರವಲ್ದು. ಇದನ್ನೂ ಬಟನ್ ನೋಡಲಾರದ ಹೊಡದೀನ್ರಿ, ಅದಕ್ಕ ಹಿಂಗ ಐತಿ. ನೋಡಿ ಹೊಡದಿದ್ರ 'ಇದೆ' ಅಂತಿತ್ತು. ಮತ್ತ ಈಗ ಯಾರರ "ಕೀಬೋರ್ಡ್‌ದಾಗ 'ಮ' ಎಲ್ಲೈತಿ?" ಅಂತ ಕೇಳಿದ್ರ ನನಗ ಹೇಳಾಕ ಬರಂಗಿಲ್ಲ. ಗಾಳ್ಯಾಗ ಬೆರಳು ಆಡಿಸಿ ನೋಡಬೇಕು.

ಚಾಚಾ ಬರೋದ್ರಾಗ ಅಂಗಡಿಗೆ ಒಂದು ಹೊಸಾ ಫ್ಲೆಕ್ಸ್ ಹಾಕಸಬೇಕು ಅಂತ ನನ್ನ ಮನಸಿಗೆ ಬಂತು. ಮ್ಯಾಟರ್ ನಾನ ಹೊಡದೆ, ಬಟನ್ ನೋಡಲಾರದ, ಎದುರಿಗೆ ಕುಂತ ಅಸದ್‌ಭಾಯ್ ಮಾರಿ ನೋಡ್ಕೊಂತ, ಡೌಲು ಬಡ್ಕೊಂತ. 'ಅರ್ಜಿ, ಅಫಿಡವಿಟ್, ಕನ್ನಡ ಟೈಪಿಂಗ್' ಅನ್ನೋದನ್ನೆಲ್ಲ ಎರಡೆರಡು ಸಲ ಓದಿ ತಪ್ಪು ನೋಡಿದೆ. ಕೆಳಗ ನಮ್ಮ ಇಬ್ಬರ ಹೆಸರು. ಅದನ್ನ ಓದಲಿಲ್ಲ. ತನ್ನ ಹೆಸರು ತಾ ಯಾಂವ ಓದ್ತಾನ್ರಿ? ಫ್ಲೆಕ್ಸ್ ಬಂತು, ಏಣಿ ಹಚ್ಚಿ ಮೊಳಿ ಹೊಡದು ಕಟ್ಟಿದ್ವಿ. ಮೂರು ದಿನ ಯಾರೂ ಏನೂ ಅನ್ನಲಿಲ್ಲ. ಅನ್ನೋರಾದ್ರೂ ಯಾರು? ಎಲ್ಲಾರೂ ನನ್ನ ಹಂಗ ಕರೀತಿದ್ರು. ನಾಕನೇ ದಿನ ಚಾಚಾ ಬಂದ್ರು, ಕೈಯಾಗ ಖರ್ಜೂರದ ಪೊಟ್ಣ, ತಲಿ ಬೋಳಿಸಿಕೊಂಡು, ಮಾರಿ ತುಂಬ ಬೆಳಕು. ಬಾಗಲಾಗ ನಿಂತು ಮ್ಯಾಲ ನೋಡಿದ್ರು.

"ಫಕೀರ್," ಅಂದ್ರು, "ಖುರ್ಚಿ ನಿನಗ ಕೊಟ್ಟಿದ್ದೆ. ಈ ಪಕಿರಪ್ಪ ಯಾರು?"

ಆ ಫ್ಲೆಕ್ಸ್ ಇನ್ನೂ ಅಲ್ಲೇ ಐತಿ. ಬರ್ರಿ ಒಮ್ಮೆ, ಕಚೇರಿ ಎದುರಿಗೇನ. ದೂರದಿಂದ ಕಾಣತೈತಿ. ನನ್ನ ಹೆಸರಾಗ ಎರಡು ತಪ್ಪು. ಬಾಜೂಕ ಅಸದ್ ಅಂತ ಐತಿ ನೋಡ್ರಿ, ಒಂದು ಅಕ್ಷರ ತಪ್ಪಿಲ್ಲ.